ಸೇಂ-ಸಿರ್-ಲಪೊಪಿ: ಗೆಳೆಯರೊಡನೆ ಫ್ರಾನ್ಸಿನ ಹಳ್ಳಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಐದು ಮಂದಿ ಕಾಲೇಜು ಗೆಳೆಯರು ನೈಋತ್ಯ ಫ್ರಾನ್ಸಿನ ಈ ಹಳ್ಳಿಯಲ್ಲಿ ಒಂದು ವಾರ ಉಳಿದು ಬಂದ ಮೇಲೆ, ಹೊರಡುವ ಸಿದ್ಧತೆಯಲ್ಲಿರುವ ಪರಿಚಿತರು ಒಂದಲ್ಲ ಒಂದು ಸಂದೇಹದೊಡನೆ ಫೋನು ಮಾಡುತ್ತಲೇ ಇದ್ದಾರೆ. ಎಲ್ಲರಿಗೂ ಹೇಳಿದ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಈ ಹಳ್ಳಿ ಎಲ್ಲಿದೆ? ಹೆಸರನ್ನು ಹೇಗೆ ಹೇಳಬೇಕು?

ಟುಲೂಸ್ ನಗರದಿಂದ ಉತ್ತರಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿ ಕಾಓರ್ ಎಂಬ ಪಟ್ಟಣವಿದೆ. ಅಲ್ಲಿಂದ ಪೂರ್ವಕ್ಕೆ ಲೊತ್ ನದಿಯ ಕಣಿವೆಯನ್ನು ಹಿಡಿದು ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಸಾಗಿದರೆ, ನದಿಯಿಂದ ಸುಮಾರು 100 ಮೀಟರ್ ಎತ್ತರದ ಸುಣ್ಣಕಲ್ಲಿನ ಕಡಿಬಂಡೆಯ ಮೇಲೆ ಈ ಊರು ಕಾಣಿಸುತ್ತದೆ. Saint-Cirq-Lapopie ಎಂದು ಬರೆಯುವ ಹೆಸರಿನ ನಡುವಿನ ಪದದ ಕೊನೆಯ ಅಕ್ಷರವನ್ನು ಉಚ್ಚರಿಸುವುದಿಲ್ಲ. ‘ಸೇಂ-ಸಿರ್-ಲಪೊಪಿ’ ಎಂದರೆ ಸಾಕು. ಆಡಳಿತದ ಲೆಕ್ಕದಲ್ಲಿ ಇದು ಲೊತ್ ಜಿಲ್ಲೆ, ಆದರೆ ಅಲ್ಲಿಯ ಜನ ತಮ್ಮ ಸೀಮೆಯನ್ನು ಇಂದಿಗೂ ಕೆರ್ಸಿ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ, ಮಾರುಕಟ್ಟೆಯಲ್ಲಿ ಕರಬೂಜವೂ ಕುರಿಮಾಂಸವೂ ಕೇಸರಿಯೂ ಆ ಹೆಸರಿನಿಂದಲೇ ಮಾರಾಟವಾಗುತ್ತವೆ.

ಫ್ರಾನ್ಸಿನಲ್ಲಿ ಅಷ್ಟೊಂದು ಚೆಂದದ ಹಳ್ಳಿಗಳಿರುವಾಗ ಇದನ್ನೇ ಏಕೆ ಆರಿಸಬೇಕು?

ಇದನ್ನೇ ಆರಿಸಬೇಕೆಂದೇನೂ ಇಲ್ಲ. ಆದರೆ ಗೆಳೆಯರ ಗುಂಪಿನಲ್ಲಿ ಒಬ್ಬರಿಗೆ ಚಾರಣ, ಇನ್ನೊಬ್ಬರಿಗೆ ಇತಿಹಾಸ, ಮತ್ತೊಬ್ಬರಿಗೆ ಊಟ, ಮಗದೊಬ್ಬರಿಗೆ ಏನೂ ಮಾಡದೆ ಕುಳಿತಿರುವುದು ಇಷ್ಟವಾಗಿರುತ್ತದೆ. ಈ ನಾಲ್ಕಕ್ಕೂ ಒಂದೇ ಕಣಿವೆಯಲ್ಲಿ ಅವಕಾಶವಿರುವುದು ನನ್ನ ಮಟ್ಟಿಗೆ ದೊಡ್ಡ ಕಾರಣ. 2012ರಲ್ಲಿ ಫ್ರಾನ್ಸಿನ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ವೀಕ್ಷಕರು ಇದನ್ನು ದೇಶದ ಅಚ್ಚುಮೆಚ್ಚಿನ ಹಳ್ಳಿ ಎಂದು ಆರಿಸಿದರು. ಅದರ ಫಲ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು: ಖಾಯಂ ನಿವಾಸಿಗಳು 200ರ ಆಸುಪಾಸಿನಲ್ಲಿರುವ ಊರಿಗೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ.

‘ಫ್ರಾನ್ಸಿನ ಅತ್ಯಂತ ಸುಂದರ ಹಳ್ಳಿಗಳಲ್ಲೊಂದು’ ಎಂಬ ಫಲಕವನ್ನು ಯಾರು ಕೊಡುತ್ತಾರೆ?

ಅದು ಸರ್ಕಾರದ ಬಿರುದಲ್ಲ, ಹಳ್ಳಿಗಳೇ ಸೇರಿ ಕಟ್ಟಿಕೊಂಡ ಸಂಘದ್ದು. ಇಲ್ಲಿಂದ ಉತ್ತರದಲ್ಲಿರುವ ಕೊಲೊಂಝ್-ಲಾ-ರೂಝ್ ಎಂಬ ಕೆಂಪು ಮರಳುಗಲ್ಲಿನ ಹಳ್ಳಿಯ ಮೇಯರ್ ಆಗಿದ್ದ ಶಾರ್ಲ್ ಸೆರಾಕ್ ಅವರು 1982ರಲ್ಲಿ ಇದನ್ನು ಆರಂಭಿಸಿದರು. ಸದಸ್ಯತ್ವ ಬೇಕಾದರೆ ಊರಿನ ಜನಸಂಖ್ಯೆ 2,000ವನ್ನು ಮೀರಿರಬಾರದು, ಕಾನೂನಿನ ರಕ್ಷಣೆಯಲ್ಲಿರುವ ಕನಿಷ್ಠ 2 ಸ್ಮಾರಕಗಳು ಅಥವಾ ತಾಣಗಳು ಇರಬೇಕು, ಗ್ರಾಮಸಭೆಯ ಒಪ್ಪಿಗೆ ಇರಬೇಕು. ಸೇಂ-ಸಿರ್-ಲಪೊಪಿಯಲ್ಲಿ ಅಂಥ ಸ್ಮಾರಕಗಳು 13 ಇವೆ.

ಒಂದು ದಿನದ ಭೇಟಿ ಸಾಲದೇ? ರಾತ್ರಿ ಉಳಿಯಲೇಬೇಕೇ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು, ಮತ್ತು ನಾನು ಪಟ್ಟು ಬಿಡದೆ ಉತ್ತರ ಹೇಳುವುದೂ ಇದಕ್ಕೇ. ಊರನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಅರ್ಧ ಗಂಟೆ ಸಾಕು. ಆ ಲೆಕ್ಕದಲ್ಲಿ ಒಂದು ಮಧ್ಯಾಹ್ನವೇ ಹೆಚ್ಚಾಯಿತು. ಆದರೆ ಬೇಸಿಗೆಯ ದಿನಗಳಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಆರರವರೆಗೆ ಆ ಇಕ್ಕಟ್ಟಾದ ಓಣಿಗಳಲ್ಲಿ ನೀವು ನೋಡುವುದು ಊರನ್ನಲ್ಲ, ಮುಂದಿರುವವರ ಬೆನ್ನನ್ನು. ಹಗಲಿನ ಜನ ಇಳಿದು ಹೋದ ಮೇಲೆ ಕಲ್ಲುಗೋಡೆಗಳಿಂದ ಬಿಸಿಲಿನ ಕಾವು ಇನ್ನೂ ಹೊಮ್ಮುತ್ತಿರುವ ಹೊತ್ತಿನಲ್ಲಿ, ಯಾವುದೋ ಕಿಟಕಿಯಿಂದ ತಟ್ಟೆ ಚಮಚಗಳ ಸದ್ದು ಕೇಳುತ್ತಿರುವಾಗ, ಅಂಗಡಿಯವನೊಬ್ಬ ಬಾಗಿಲ ಮುಂದಿನ ಮೆಟ್ಟಿಲನ್ನು ಗುಡಿಸುತ್ತಿರುವಾಗ, ಅದು ಜನ ಬಾಳುವ ಹಳ್ಳಿಯೆಂಬುದು ಅರಿವಿಗೆ ಬರುತ್ತದೆ. ಕನಿಷ್ಠ 2 ರಾತ್ರಿ ಉಳಿಯಿರಿ. ಅಷ್ಟು ಬಿಡುವಿಲ್ಲದಿದ್ದರೆ, ಬೆಳಿಗ್ಗೆ ಎಂಟಕ್ಕೇ ತಲುಪಿ ಹತ್ತಕ್ಕೆ ಹೊರಟುಬಿಡುವುದು ಮಧ್ಯಾಹ್ನ ಬಂದು ಸಂಜೆವರೆಗೆ ನೂಕಾಡುವುದಕ್ಕಿಂತ ಮೇಲು.

ಯಾವ ತಿಂಗಳು ಒಳ್ಳೆಯದು?

ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ, ಇಲ್ಲವೇ ಸೆಪ್ಟೆಂಬರ್. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ, ಹಾಗಾಗಿ ಸಂಜೆಯ ಊಟದ ನಂತರವೂ ಒಂದು ಸುತ್ತು ಹೋಗಿ ಬರಬಹುದು. ಜುಲೈ ಮತ್ತು ಆಗಸ್ಟ್ ಫ್ರೆಂಚರ ಶಾಲಾ ರಜೆ. ಬಿಸಿಲು, ಜನ, ಬಾಡಿಗೆ ಮೂರೂ ಏರುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ ಊಟದ ಮನೆಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. ಚಳಿಗಾಲದಲ್ಲೇ ಹೋಗಬೇಕಾಗಿ ಬಂದರೆ ಒಂದು ಸಮಾಧಾನವಿದೆ: ಡಿಸೆಂಬರಿನಿಂದ ಮಾರ್ಚ್‌ವರೆಗೆ ಪ್ರತಿ ಮಂಗಳವಾರ ಮಧ್ಯಾಹ್ನ ಹತ್ತಿರದ ಲಾಲ್ಬೆಂಕ್‌ನಲ್ಲಿ ಕಪ್ಪು ಟ್ರಫಲ್ ಅಣಬೆಯ ಸಂತೆ ನಡೆಯುತ್ತದೆ.

ವೀಸಾಕ್ಕೆ ಗುಂಪಾಗಿ ಅರ್ಜಿ ಹಾಕಬಹುದೇ?

ಪ್ರತಿಯೊಬ್ಬರೂ ಪ್ರತ್ಯೇಕವಾಗಿಯೇ ಶೆಂಗೆನ್ ವೀಸಾ ಅರ್ಜಿ ಸಲ್ಲಿಸಬೇಕು. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಸ್ವೀಕರಿಸುತ್ತಾರೆ, ಕನಿಷ್ಠ 15 ದಿನ ಮುಂಚೆಯಾದರೂ ಕೊಡಬೇಕು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಬೆಂಗಳೂರಿನಲ್ಲೇ ಬೆರಳಚ್ಚು ಕೊಟ್ಟು ಅರ್ಜಿ ಸಲ್ಲಿಸಬಹುದು. ಗೆಳೆಯರ ಗುಂಪುಗಳು ಸಾಮಾನ್ಯವಾಗಿ ಎಡವುವುದು ವಸತಿಯ ಕಾಗದದಲ್ಲಿ: ಮನೆಯನ್ನು ಒಬ್ಬರ ಹೆಸರಿನಲ್ಲಿ ಕಾದಿರಿಸಿ ಉಳಿದ ನಾಲ್ವರು ಅದೇ ಪ್ರತಿಯನ್ನು ಲಗತ್ತಿಸುತ್ತಾರೆ. ಮನೆಯ ಮಾಲೀಕರಿಗೆ ಬರೆದು, ಎಲ್ಲರ ಹೆಸರುಗಳೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರುವ ದೃಢೀಕರಣವನ್ನು ತರಿಸಿಕೊಳ್ಳಿ.

ಅಲ್ಲಿಗೆ ತಲುಪುವುದು ಹೇಗೆ? ಕಾರು ಬೇಕೇ ಬೇಕೇ?

ಪ್ಯಾರಿಸ್ಸಿನ ಓಸ್ತರ್ಲಿಟ್ಸ್ ನಿಲ್ದಾಣದಿಂದ ಕಾಓರ್‌ಗೆ ನೇರ ರೈಲಿದೆ. ಐದು ಗಂಟೆಗೂ ಮಿಕ್ಕ ಪ್ರಯಾಣ. ಟುಲೂಸ್‌ವರೆಗೆ ವಿಮಾನದಲ್ಲಿ ಬಂದು ಅಲ್ಲಿಂದ ಹೊರಡುವುದೂ ಉಂಟು. ಕಾಓರ್‌ನಿಂದ ಫಿಝಾಕ್ ಕಡೆಗೆ ಹೋಗುವ ಬಸ್ಸು ನದಿಯಾಚೆಯ ತೂರ್ ದ ಫೋರ್ ಎಂಬ ಹಳ್ಳಿಯ ಬಳಿ ನಿಲ್ಲುತ್ತದೆ, ಹಳ್ಳಿಯವರೆಗೆ ಏರುವುದಿಲ್ಲ. ಅಲ್ಲಿಂದ ಸೇತುವೆ ದಾಟಿ ಸುಮಾರು 2 ಕಿಲೋಮೀಟರ್ ಏರುದಾರಿಯನ್ನು ನಡೆಯಬೇಕು. ಬೆನ್ನುಚೀಲ ಹೊತ್ತವರಿಗೆ ಅದು ಚೆಂದದ ದಾರಿ, ಗಾಲಿಪೆಟ್ಟಿಗೆ ಎಳೆಯುವವರಿಗೆ ಶಿಕ್ಷೆ. ಬಸ್ಸುಗಳ ಸಂಖ್ಯೆ ಕಡಿಮೆ, ಭಾನುವಾರ ಇನ್ನೂ ಕಡಿಮೆ. ನಾಲ್ಕೈದು ಮಂದಿ ಸೇರಿದರೆ ಕಾಓರ್ ಅಥವಾ ಟುಲೂಸ್‌ನಲ್ಲಿ ಕಾರು ಬಾಡಿಗೆಗೆ ಪಡೆಯುವುದೇ ಸೂಕ್ತ. ಈ ಕಣಿವೆಯ ಸೊಗಸೆಲ್ಲ ನಿಮಗೆ ಬೇಕಾದಲ್ಲಿ ನಿಲ್ಲಿಸುವುದರಲ್ಲಿದೆ.

ನಮ್ಮ ಚಾಲನಾ ಪರವಾನಗಿ ನಡೆಯುತ್ತದೆಯೇ? ಬಲಬದಿಯಲ್ಲಿ ಓಡಿಸುವುದು ಕಷ್ಟವೇ?

ಪರವಾನಗಿಯ ಜೊತೆಗೆ ಆರ್‌ಟಿಒ ಕಚೇರಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಅನುಮತಿಯನ್ನು ಒಯ್ಯಿರಿ. ಕ್ರೆಡಿಟ್ ಕಾರ್ಡ್ ಚಾಲಕರ ಹೆಸರಿನಲ್ಲೇ ಇರಬೇಕೆಂದು ಬಾಡಿಗೆ ಸಂಸ್ಥೆಗಳು ಸಾಮಾನ್ಯವಾಗಿ ಕೇಳುತ್ತವೆ, ಹಾಗಾಗಿ ‘ಕಾರ್ಡು ನನ್ನದು, ಗಾಡಿ ಅವನು ಓಡಿಸುತ್ತಾನೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬಲಬದಿಯ ಓಟ ಮೊದಲ ದಿನದ ತಿಣುಕಾಟ, ಎರಡನೆಯ ದಿನಕ್ಕೆ ರೂಢಿಯಾಗುತ್ತದೆ. ಅದಕ್ಕಿಂತ ಎಚ್ಚರ ಬೇಕಾದದ್ದು ಫಲಕವಿಲ್ಲದ ಕೂಡುರಸ್ತೆಗಳಲ್ಲಿ: ಬಲಗಡೆಯ ಸಣ್ಣ ಗಲ್ಲಿಯಿಂದ ಬರುವ ಗಾಡಿಗೂ ನೀವೇ ದಾರಿ ಬಿಡಬೇಕು, ಅದು ಟ್ರ್ಯಾಕ್ಟರ್ ಆದರೂ ಸರಿಯೇ. ವೃತ್ತಗಳಲ್ಲಿ ಮಾತ್ರ ಒಳಗಿರುವವರಿಗೆ ಆದ್ಯತೆ. ವಿಭಜಕವಿಲ್ಲದ ಗ್ರಾಮಾಂತರ ರಸ್ತೆಗಳಲ್ಲಿ ಮಿತಿ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್, ಊರೊಳಗೆ 50. ಬಂಕಿನಲ್ಲಿ ‘ಗಝೋಲ್’ ಎಂದರೆ ಡೀಸೆಲ್, ‘ಸಾಂ ಪ್ಲೋಂ’ ಎಂದರೆ ಪೆಟ್ರೋಲ್. ಪೈಪು ಎತ್ತುವ ಮುನ್ನ ಎರಡು ಬಾರಿ ಓದಿಕೊಳ್ಳಿ.

ಹಳ್ಳಿಯೊಳಕ್ಕೆ ಕಾರು ಒಯ್ಯುವಂತಿಲ್ಲ. ಊರ ಹೊರಗಿನ ನಿಲುಗಡೆ ತಾಣಗಳಲ್ಲಿ ಶುಲ್ಕ ಕೊಟ್ಟು ನಿಲ್ಲಿಸಬೇಕು. ರಾತ್ರಿ ಉಳಿಯುವವರು ಸಾಮಾನು ಎಲ್ಲಿಯವರೆಗೆ ಗಾಡಿಯಲ್ಲಿ ತರಬಹುದೆಂದು ಮನೆಯವರನ್ನೇ ಮೊದಲು ಕೇಳಿಕೊಳ್ಳುವುದು ಒಳಿತು.

ಹೋಟೆಲ್ ಒಳ್ಳೆಯದೋ, ಮನೆ ಬಾಡಿಗೆ ಒಳ್ಳೆಯದೋ?

ಗುಂಪಿಗೆ ಮನೆಯೇ ಒಳ್ಳೆಯದು. ‘ಝೀತ್’ ಎಂದು ಕರೆಯುವ ಹಳ್ಳಿಮನೆಗಳಲ್ಲಿ ಅಡುಗೆಮನೆ, ದೊಡ್ಡ ಮೇಜು, ಕೆಲವೊಮ್ಮೆ ಅಂಗಳವೂ ಇರುತ್ತದೆ. ಜುಲೈ-ಆಗಸ್ಟ್‌ನಲ್ಲಿ ಬಹುತೇಕ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ವಾರದ ಲೆಕ್ಕದಲ್ಲಿ ಮಾತ್ರ ಕೊಡುತ್ತಾರೆ. ಹಾಸಿಗೆಯ ಹೊದಿಕೆ, ಟವೆಲು, ಕೊನೆಯ ದಿನದ ಸ್ವಚ್ಛತೆ ಬಾಡಿಗೆಯಲ್ಲಿ ಸೇರಿವೆಯೇ ಎಂಬುದನ್ನು ಕೇಳಲು ಸಂಕೋಚಪಡಬೇಡಿ. ಅಲ್ಲಿ ಅವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುವುದು ಸಾಮಾನ್ಯ. ಇನ್ನೊಂದು ಮಾತು: ಮನೆಗಳಲ್ಲಿ ಹೊಗೆ ಸೂಚಕ ಅಳವಡಿಸುವುದು ಅಲ್ಲಿ ಕಡ್ಡಾಯ. ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಡುವ ಮುನ್ನ ಕಿಟಕಿಗಳನ್ನೆಲ್ಲ ತೆರೆದಿಡಿ. ನಮ್ಮ ಮನೆಯ ಸೂಚಕದ ಕಿರುಚಾಟ ಕೇಳಿ ಪಕ್ಕದ ಮನೆಯ ಅಜ್ಜಿ ಓಡಿ ಬಂದರು, ವಾಸನೆ ಏನೆಂದು ಕೇಳಿದರು, ಕೊನೆಗೆ ತಿಳಿಸಾರನ್ನು ಒಂದು ಬಟ್ಟಲು ಕುಡಿದೇ ಹೋದರು.

ಶುದ್ಧ ಸಸ್ಯಾಹಾರಿಗಳು ಏನು ತಿನ್ನಬೇಕು?

ಮೊದಲೇ ಹೇಳಿಬಿಡುತ್ತೇನೆ, ಇದು ಬಾತುಕೋಳಿಯ ಸೀಮೆ. ಬಾತಿನ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಬೇಯಿಸಿ ಇಡುವುದು ಇಲ್ಲಿಯ ಹೆಮ್ಮೆಯ ಅಡುಗೆ, ಮತ್ತು ಆ ಕೊಬ್ಬು ನೀವು ನಿರೀಕ್ಷಿಸದ ಕಡೆಯೂ ಇರುತ್ತದೆ: ಹೊಂಬಣ್ಣಕ್ಕೆ ಹುರಿದ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಹುರಿದಿರುತ್ತಾರೆಂದು ಭಾವಿಸಬೇಡಿ. ಕೆರ್ಸಿಯ ಹೆಸರು ಹೊತ್ತ ಸಲಾಡ್‌ನಲ್ಲಿ ಎಲೆಗಳ ನಡುವೆ ಬಾತಿನ ಜಠರದ ಚೂರುಗಳಿರುತ್ತವೆ. ಸೂಪಿನ ತಿಳಿ ಬಹಳ ಸಲ ಮಾಂಸದ್ದು. ‘ಜ ನ ಮಾಂಝ್ ನಿ ವಿಯಾಂದ್ ನಿ ಪ್ವಾಸೊಂ’, ಅಂದರೆ ನಾನು ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ, ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು, ‘ಗ್ರೆಸ್ ದ ಕನಾರ್’, ಅಂದರೆ ಬಾತಿನ ಕೊಬ್ಬು, ಇದೆಯೇ ಎಂದು ಬೇರೆಯಾಗಿ ಕೇಳಿ.

ಸಿಗುವುದೇನೆಂದರೆ, ರೊಕಮದೂರ್ ಎಂಬ ಅಂಗೈಗಿಂತ ಚಿಕ್ಕದಾದ ಆಡಿನ ಹಾಲಿನ ಚೀಸ್. ಅದನ್ನು ಸುಟ್ಟ ಬ್ರೆಡ್ಡಿನ ಮೇಲಿಟ್ಟು ಬಿಸಿಮಾಡಿ, ಅಕ್ರೋಟು ಉದುರಿಸಿ, ಜೇನು ಹನಿಸಿ ಕೊಟ್ಟರೆ ಅದೇ ಒಂದು ಊಟ. ಆದರೆ ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಬಹುಪಾಲನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದಲೇ ಮಾಡುತ್ತಾರೆ. ಆಚಾರದ ವಿಷಯದಲ್ಲಿ ಕಟ್ಟುನಿಟ್ಟಾಗಿರುವವರು ಇದನ್ನು ತಿಳಿದಿರಬೇಕು. ಮೊಟ್ಟೆ ತಿನ್ನುವವರಿಗೆ ಅಣಬೆಯ ಆಮ್ಲೆಟ್ ಉಂಟು. ಕಾಓರ್‌ನಲ್ಲಿ ಬುಧವಾರ ಮತ್ತು ಶನಿವಾರ ಬೆಳಿಗ್ಗೆ ಚರ್ಚಿನ ಮುಂದಿನ ಚೌಕದಲ್ಲಿ ಸಂತೆ ಸೇರುತ್ತದೆ; ಟೊಮೆಟೊ, ಹುರುಳಿಕಾಯಿ, ಕರಬೂಜ ತಂದು ಮನೆಯಲ್ಲೇ ಬೇಯಿಸಿಕೊಂಡ ದಿನಗಳ ಊಟವೇ ನಮ್ಮ ಗುಂಪಿಗೆ ಹೆಚ್ಚು ನೆನಪಿದೆ. ಊರಿನಿಂದ ಸಾರಿನ ಪುಡಿ, ಅವಲಕ್ಕಿ, ಉಪ್ಪಿನಕಾಯಿ ಒಯ್ಯಬಹುದು. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ತರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿರುವುದರಿಂದ ತುಪ್ಪದ ಡಬ್ಬಿಯನ್ನು ಮನೆಯಲ್ಲೇ ಬಿಡಿ.

ಊಟದ ಹೊತ್ತಿನ ಬಗ್ಗೆ ಇಷ್ಟೊಂದು ಎಚ್ಚರಿಕೆ ಏಕೆ?

ಏಕೆಂದರೆ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಒಲೆ ಉರಿಯುತ್ತದೆ, ಆಮೇಲೆ ರಾತ್ರಿ ಏಳು, ಏಳೂವರೆಯವರೆಗೆ ಉರಿಯುವುದಿಲ್ಲ. ಮೊದಲ ದಿನ ನಾವು ಎರಡೂ ಕಾಲಿಗೆ ಹೋಗಿ, ಖಾಲಿ ಕುರ್ಚಿಗಳು ಸಾಲಾಗಿ ಕಾಣುತ್ತಿದ್ದರೂ ಊಟ ಸಿಗದೆ, ಕಾರಿನಲ್ಲಿದ್ದ ಚಕ್ಕುಲಿಯನ್ನು ತಿಂದು ಸಂಜೆವರೆಗೆ ಕಳೆದೆವು. ಅದನ್ನು ಅಹಂಕಾರವೆಂದು ಬೈದುಕೊಂಡ ನಮ್ಮ ಗೆಳೆಯನೇ ಮೂರನೆಯ ದಿನದ ಹೊತ್ತಿಗೆ, ಅಡುಗೆಯವರಿಗೂ ವಿಶ್ರಾಂತಿಯ ಹಕ್ಕಿದೆಯಲ್ಲ ಎಂದು ನಮಗೇ ಉಪದೇಶ ಮಾಡತೊಡಗಿದ. ಐದಕ್ಕಿಂತ ಹೆಚ್ಚು ಜನರಿದ್ದರೆ ರಾತ್ರಿಯ ಊಟಕ್ಕೆ ಮೊದಲೇ ಹೇಳಿಡಿ. ಕುಡಿಯಲು ‘ಕರಾಫ್ ದೊ’ ಎಂದು ಕೇಳಿದರೆ ನಲ್ಲಿಯ ನೀರನ್ನು ಹೂಜಿಯಲ್ಲಿ ಉಚಿತವಾಗಿ ತಂದಿಡುತ್ತಾರೆ. ಸೇವಾ ಶುಲ್ಕ ಬೆಲೆಯಲ್ಲೇ ಸೇರಿರುತ್ತದೆ. ಟಿಪ್ಸ್ ನಿಮ್ಮ ಇಷ್ಟ.

ಫ್ರೆಂಚ್ ಬಾರದಿದ್ದರೆ ಕಷ್ಟವೇ?

ಭಾಷೆ ಬಾರದಿರುವುದು ಕಷ್ಟವಲ್ಲ, ‘ಬೊಂಝೂರ್’ ಹೇಳದಿರುವುದು ಕಷ್ಟ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಅದನ್ನು ಹೇಳಬೇಕು, ಹೊರಡುವಾಗ ‘ಓ ರ್ವಾರ್’ ಎನ್ನಬೇಕು. ನೇರವಾಗಿ ಬೆಲೆ ಕೇಳಿದರೆ ಮುಖ ಗಂಟಿಕ್ಕುವ ಅದೇ ಮನುಷ್ಯ, ನಮಸ್ಕಾರ ಹೇಳಿ ಕೇಳಿದರೆ ಹರಕು ಇಂಗ್ಲಿಷಿನಲ್ಲಿ ತನ್ನ ಊರಿನ ಕಥೆಯನ್ನೂ ಹೇಳುತ್ತಾನೆ.

ಹಳ್ಳಿಯೊಳಗೆ ನೋಡುವಂಥದ್ದೇನಿದೆ?

ಟಿಕೆಟ್ಟು ಕೊಂಡು ನೋಡುವಂಥದ್ದು ಕಡಿಮೆ, ನಡೆಯುತ್ತಾ ಕಾಣುವಂಥದ್ದೇ ಹೆಚ್ಚು. ಎತ್ತರದ ಬಂಡೆಯ ಮೇಲೆ ಕೋಟೆಯ ಅವಶೇಷವಿದೆ. ಮಧ್ಯಯುಗದಲ್ಲಿ ಲಪೊಪಿ, ಗೂರ್ದೊಂ, ಕಾರ್ದಯಾಕ್ ಎಂಬ ಮನೆತನಗಳು ಈ ಒಂದೇ ಬಂಡೆಯನ್ನು ಹಂಚಿಕೊಂಡು ಆಳುತ್ತಿದ್ದವು. 1471ರಲ್ಲಿ ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿ ಕೋಟೆಯನ್ನು ಕೆಡವಲು ಆಜ್ಞಾಪಿಸಿದ, ಉಳಿದ ಗೋಡೆಗಳನ್ನು 1580ರಲ್ಲಿ ನವಾರ್‌ನ ಹೆನ್ರಿ, ಅಂದರೆ ಮುಂದೆ ನಾಲ್ಕನೆಯ ಹೆನ್ರಿಯಾದವನು, ಉರುಳಿಸಿದ. ಈಗ ಅಲ್ಲಿ ಉಳಿದಿರುವುದು ಕಲ್ಲಿನ ತುಣುಕುಗಳು ಮತ್ತು ನದಿಯ ತಿರುವಿನ ನೋಟ. ಅದರ ಕೆಳಗೆ 16ನೆಯ ಶತಮಾನದ ಗಾತಿಕ್ ಚರ್ಚು, ಅದರ ಸುತ್ತ ಕಡಿದಾದ ಕಂದುಹೆಂಚಿನ ಮಾಡುಗಳು, ಮರದ ಚೌಕಟ್ಟಿನ ಗೋಡೆಗಳು.

ಈ ಊರು ಇಷ್ಟು ಹಳೆಯದಾಗಿ ಉಳಿದದ್ದು ಯಾರೋ ಜೋಪಾನ ಮಾಡಿದ್ದರಿಂದಲ್ಲ, ಬಡತನದಿಂದ ಎಂಬುದನ್ನು ಗಮನಿಸಬೇಕು. ಕಾಓರ್‌ನ ಕಡುಗೆಂಪು ವೈನ್ ಚಪ್ಪಟೆ ತಳದ ದೋಣಿಗಳಲ್ಲಿ ಈ ನದಿಯ ಮೇಲೆ ಬೋರ್ದೋಗೆ ಹೋಗುತ್ತಿದ್ದ ಕಾಲದಲ್ಲಿ ಇಲ್ಲಿ ಅಂಬಿಗರಿದ್ದರು, ಪೀಪಾಯಿಗಳಿಗೆ ಮರದ ನಲ್ಲಿ ಕಡೆಯುವ ಕಸುಬುದಾರರಿದ್ದರು. ರೈಲು ಬಂದಿತು, ದೋಣಿಗಳು ನಿಂತವು, ಕೈಕಸುಬು ಕಳೆದುಕೊಂಡ ಜನ ಊರು ಬಿಟ್ಟರು. ಹೊಸದಾಗಿ ಕಟ್ಟಿಸಲು ಹಣವಿದ್ದವರು ಯಾರೂ ಉಳಿಯಲಿಲ್ಲ. ಅಂಥ ಪಾಳುಬಿದ್ದ ಊರಿಗೆ 20ನೆಯ ಶತಮಾನದಲ್ಲಿ ಚಿತ್ರಕಾರರು ಬಂದರು. ಕನಸಿನ ಲೋಕವನ್ನು ಕಲೆಗೆ ತಂದ ಸರ್ರಿಯಲಿಸ್ಟ್ ಪಂಥದ ನಾಯಕ, ಕವಿ ಆಂದ್ರೆ ಬ್ರೆತೊಂ 1950ರಲ್ಲಿ ಮೊದಲು ಈ ಊರನ್ನು ಕಂಡದ್ದು ರಾತ್ರಿಯ ಹೊತ್ತು, ಮತಾಪಿನ ಬೆಳಕಿನಲ್ಲಿ. ಮರುವರ್ಷವೇ ಹಳೆಯ ಅಂಬಿಗರ ಛತ್ರವನ್ನು ಕೊಂಡು 1966ರಲ್ಲಿ ತೀರಿಕೊಳ್ಳುವವರೆಗೂ ಬೇಸಿಗೆಗಳನ್ನು ಇಲ್ಲೇ ಕಳೆದ. ಆ ಮನೆ ಇಂದಿಗೂ ಇದೆ.

ಸುತ್ತಮುತ್ತ ಒಂದೇ ಒಂದು ಜಾಗ ನೋಡಲು ಸಮಯವಿದ್ದರೆ?

ಪೆಶ್ ಮೆರ್ಲ್ ಗುಹೆ. ಕಾಬ್ರೆರೆ ಎಂಬ ಹಳ್ಳಿಯ ಮೇಲಿರುವ ಇದನ್ನು 1922ರಲ್ಲಿ ಇಬ್ಬರು ಹುಡುಗರು ಪತ್ತೆಹಚ್ಚಿದರು. ಚುಕ್ಕೆಚುಕ್ಕೆಯ ಎರಡು ಕುದುರೆಗಳು ಬೆನ್ನಿಗೆ ಬೆನ್ನು ತಾಗುವಂತೆ ನಿಂತಿವೆ, ಸುತ್ತಲೂ ಬಣ್ಣ ಊದಿ ಮೂಡಿಸಿದ ಅಂಗೈಗಳ ಗುರುತು. ಸುಮಾರು 29,000 ವರ್ಷಗಳ ಹಿಂದಿನ ಚಿತ್ರವೆಂದು ಅಂದಾಜು. ಇಂಥದೇ ಚಿತ್ರಗಳಿಗೆ ಹೆಸರಾದ ಲಾಸ್ಕೋದಲ್ಲಿ ಇಂದು ಪ್ರವಾಸಿಗರಿಗೆ ತೋರಿಸುವುದು ನಕಲು ಗುಹೆ, ಇಲ್ಲಿ ಮೂಲವನ್ನೇ ನೋಡುತ್ತೀರಿ. ಅದಕ್ಕಾಗಿಯೇ ದಿನಕ್ಕೆ 700 ಮಂದಿಯ ಮಿತಿ ಇದೆ. ಬೇಸಿಗೆಯಲ್ಲಿ ಮುಂಚಿತವಾಗಿ ಕಾದಿರಿಸದೆ ಹೋದವರು ಬಾಗಿಲಿನಿಂದಲೇ ಮರಳುತ್ತಾರೆ. ಒಳಗೆ ಛಾಯಾಚಿತ್ರ ನಿಷಿದ್ಧ, ವರ್ಷವಿಡೀ ತಂಪು, ಸ್ವೆಟರ್ ಇರಲಿ.

ಇನ್ನೊಂದು ಅರ್ಧ ದಿನ ಸಿಕ್ಕರೆ ಹತ್ತಿರದ ಬೂಝಿಯೆಸ್ ಹಳ್ಳಿಯಿಂದ ನದಿಯಂಚಿನ ಎಳೆದಾರಿಯಲ್ಲಿ ನಡೆಯಿರಿ. ದೋಣಿಗಳನ್ನು ಹಗ್ಗ ಕಟ್ಟಿ ಪ್ರವಾಹದ ಎದುರಿಗೆ ಎಳೆಯಲು 19ನೆಯ ಶತಮಾನದಲ್ಲಿ ಬಂಡೆಯ ಬದಿಯನ್ನೇ ಕೊರೆದು ಮಾಡಿದ ದಾರಿ ಅದು. ತಲೆಯ ಮೇಲೆ ಕಲ್ಲಿನ ಚಾವಣಿ, ಪಕ್ಕದಲ್ಲೇ ನೀರು. ಕಲ್ಲು ಉದುರುವ ಭಯವಿದ್ದಾಗ ದಾರಿಯನ್ನು ಮುಚ್ಚುವುದುಂಟು, ಆದ್ದರಿಂದ ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿ ಹೊರಡಿ. ಲಿಪಿಗಳಲ್ಲಿ ಆಸಕ್ತಿಯುಳ್ಳವರು ಫಿಝಾಕ್ ಪಟ್ಟಣವನ್ನು ಬಿಡಬಾರದು. 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದ ಶಾಂಪೊಲಿಯೊಂ ಹುಟ್ಟಿದ್ದು ಅಲ್ಲಿ. ಅವನ ಹೆಸರಿನ ವಸ್ತುಸಂಗ್ರಹಾಲಯ ಲೋಕದ ಬರವಣಿಗೆಗಳ ಚರಿತ್ರೆಗೇ ಮೀಸಲಾಗಿದೆ, ಪಕ್ಕದ ಅಂಗಳದ ನೆಲಕ್ಕೆ ಆ ಗುಟ್ಟು ಬಿಡಿಸಲು ನೆರವಾದ ರೊಸೆಟ್ಟಾ ಶಿಲೆಯ ಬೃಹತ್ ಪ್ರತಿಕೃತಿಯನ್ನು ಹಾಸಿದ್ದಾರೆ.

ಮಂಡಿನೋವು ಇರುವವರು ಬರಬಹುದೇ?

ಬರಬಹುದು, ಆದರೆ ಊರು ಇಳಿಜಾರಿನಲ್ಲಿದೆ, ಓಣಿಗಳಿಗೆ ಉರುಟುಗಲ್ಲು ಹಾಸಿದೆ, ಮಳೆ ಬಂದರೆ ಜಾರುತ್ತದೆ. ಹಿಡಿತವುಳ್ಳ ಬೂಟು, ಊರುಗೋಲು ಇರಲಿ. ಗಾಲಿಕುರ್ಚಿಗೆ ಇದು ಒಗ್ಗುವ ಊರಲ್ಲ. ಅಂಥವರು ಜೊತೆಗಿದ್ದರೆ ನದಿಯ ಮಟ್ಟದಲ್ಲೇ, ಕೆಳಗಿನ ಹಳ್ಳಿಗಳಲ್ಲಿ ಮನೆ ಹಿಡಿಯಿರಿ. ಅಲ್ಲಿಂದ ಬಂಡೆಯ ಮೇಲಿನ ಊರು ಪೂರ್ತಿ ಕಾಣುತ್ತದೆ, ಊರೊಳಗಿರುವವರಿಗೆ ಆ ನೋಟವೇ ಇಲ್ಲ. ಬೂಝಿಯೆಸ್‌ನಲ್ಲಿ ದೋಣಿ ಬಾಡಿಗೆಗೂ ಸಿಗುತ್ತದೆ.

ಗುಂಪಿನಲ್ಲಿ ಹಣದ ವಿಷಯಕ್ಕೆ ಮನಸ್ತಾಪ ಬಾರದಂತೆ ಏನು ಮಾಡಬೇಕು?

ಮನೆ, ಕಾರು, ಇಂಧನ, ಸಂತೆಯ ತರಕಾರಿ ಇವಿಷ್ಟನ್ನು ಸಮನಾಗಿ ಹಂಚಿಕೊಳ್ಳಿ. ಹೊರಗಿನ ಊಟ ಮತ್ತು ವೈನ್ ಅವರವರ ಲೆಕ್ಕಕ್ಕೆ ಬಿಡಿ. ಸಲಾಡ್ ತಿಂದವನು ಬಾತು ತಿಂದವನ ಖರ್ಚನ್ನು ಏಳು ದಿನ ಹೊತ್ತರೆ ಎಂಟನೆಯ ದಿನ ಮಾತು ಬರುತ್ತದೆ. ಕಾರು ಓಡಿಸುವವನಿಗೆ ವೈನ್ ಇಲ್ಲ. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮಿತಿಯನ್ನು ಅಲ್ಲಿ ಬಿಗಿಯಾಗಿ ಪಾಲಿಸುತ್ತಾರೆ, ಆದ್ದರಿಂದ ಇಬ್ಬರ ಹೆಸರನ್ನು ಚಾಲಕರೆಂದು ಬರೆಸಿ ದಿನ ಬಿಟ್ಟು ದಿನ ಓಡಿಸಿ. ದಿನಕ್ಕೆ ಒಂದೇ ಕಾರ್ಯಕ್ರಮವನ್ನು ಎಲ್ಲರೂ ಸೇರಿ ಮಾಡಿ, ಉಳಿದ ಹೊತ್ತು ಯಾರೂ ಯಾರನ್ನೂ ಎಬ್ಬಿಸಬಾರದು. ನಮ್ಮ ಐದು ಮಂದಿಯ ಸ್ನೇಹ ಇನ್ನೂ ಉಳಿದಿರುವುದಕ್ಕೆ ಈ ಕೊನೆಯ ನಿಯಮವೇ ಕಾರಣವೆಂದು ನನ್ನ ಗುಮಾನಿ.

ಡ್ರೋನ್ ಹಾರಿಸಬಹುದೇ? ಅನಾರೋಗ್ಯವಾದರೆ ಏನು ಗತಿ?

ಜನವಸತಿಯ ಸಾರ್ವಜನಿಕ ಸ್ಥಳಗಳ ಮೇಲೆ ಹವ್ಯಾಸಕ್ಕೆ ಡ್ರೋನ್ ಹಾರಿಸುವಂತಿಲ್ಲ. ಕಿಟಕಿಗಳೊಳಗೆ ಕ್ಯಾಮೆರಾ ತೂರಿಸಬೇಡಿ, ಒಳಗೆ ಯಾರದೋ ಊಟ ನಡೆದಿರುತ್ತದೆ. ತುರ್ತಿಗೆ 112, ವೈದ್ಯಕೀಯ ನೆರವಿಗೆ 15. ದೊಡ್ಡ ಆಸ್ಪತ್ರೆ ಇರುವುದು ಕಾಓರ್‌ನಲ್ಲಿ. ಔಷಧ ಅಂಗಡಿಗಳು ಹಸಿರು ಶಿಲುಬೆಯ ಗುರುತಿನಿಂದ ತಿಳಿಯುತ್ತವೆ, ಭಾನುವಾರ ಮುಚ್ಚಿರುತ್ತವೆ. ನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಇಲ್ಲಿಂದಲೇ ಒಯ್ಯಿರಿ.

ರಾತ್ರಿ ಹೊತ್ತು ಅಲ್ಲಿ ಮಾಡುವುದಕ್ಕೇನಿದೆ?

ಸಂಗೀತವಿಲ್ಲ, ಮಾಲ್ ಇಲ್ಲ, ಹತ್ತರ ಮೇಲೆ ಬೀದಿಯಲ್ಲಿ ಗಟ್ಟಿಯಾಗಿ ಮಾತಾಡಿದರೆ ಮೇಲಿನ ಕಿಟಕಿ ತೆರೆದುಕೊಳ್ಳುತ್ತದೆ. ಆದರೆ ಈ ಊರು ಸೇರಿರುವ ಕೋಸ್ ದ್ಯು ಕೆರ್ಸಿ ಪ್ರಾದೇಶಿಕ ಉದ್ಯಾನದ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಒಂದು ಭಾಗವನ್ನು ‘ಕಪ್ಪು ತ್ರಿಕೋನ’ ಎಂದು ಕರೆಯುತ್ತಾರೆ. ಫ್ರಾನ್ಸಿನಲ್ಲಿ ಕೃತಕ ಬೆಳಕು ತೀರಾ ಕಡಿಮೆ ಇರುವ ಪ್ರದೇಶಗಳಲ್ಲಿ ಅದೂ ಒಂದು. ಅಮಾವಾಸ್ಯೆಯ ಆಸುಪಾಸಿನಲ್ಲಿ ಉಳಿಯುವಂತೆ ದಿನಗಳನ್ನು ಹೊಂದಿಸಿಕೊಂಡರೆ, ಊಟ ಮುಗಿಸಿ ಕಾರಿನಲ್ಲಿ ಹತ್ತಿಪ್ಪತ್ತು ನಿಮಿಷ ಮೇಲಕ್ಕೆ ಹೋಗಿ ಕುರಿಮೇವಿನ ಬಯಲಿನ ಅಂಚಿನಲ್ಲಿ ದೀಪ ಆರಿಸಿ ನಿಲ್ಲಬಹುದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು, ಅಷ್ಟರವರೆಗೆ ಯಾರೂ ಮೊಬೈಲ್ ತೆಗೆಯಬಾರದೆಂದು ಮೊದಲೇ ಮಾತು ತೆಗೆದುಕೊಳ್ಳಿ. ಮರಳಿ ಬಂದ ಮೇಲೆ ನಿಲುಗಡೆ ತಾಣದಿಂದ ಮನೆಯವರೆಗೆ ಕಲ್ಲುದಾರಿಯಲ್ಲಿ ಇಳಿಯಬೇಕಾಗುವುದರಿಂದ ಒಬ್ಬರ ಬಳಿಯಾದರೂ ಟಾರ್ಚ್ ಇರಲಿ.